ಗೋಡೆಗೆ ಅಂಟಿಸಿದ ಪ್ರಬಂಧ

ನರಿನ್ ಪಟ್ಟಣದ ಆಸ್ಪತ್ರೆ, ಮಂಗಳವಾರ

ಝಪಾರ್ ಮೇಷ್ಟ್ರಿಗೆ ಪೆರಿಜಾತ್‌ಳ ಸಲಾಂ.

ತರಗತಿಯ ಗೋಡೆಗೆ ನೀವು ಅಂಟಿಸಿರುವ ನನ್ನ ಪ್ರಬಂಧವನ್ನು ಇವತ್ತೇ ಕಿತ್ತುಹಾಕಿ. ಪಾಠದ ಕಥೆಯಲ್ಲಿ, ಮದುವೆಯಾಗಲೆಂದು ತನ್ನನ್ನು ಹೊತ್ತೊಯ್ದವನ ಮನೆಯಲ್ಲೇ ಆ ಹುಡುಗಿ ಉಳಿದದ್ದು ಪ್ರೀತಿಯಿಂದ ಎಂದು ವಾದಿಸಿ ಬರೆಯಲು ಹೇಳಿದ್ದಿರಿ. ಬರೆದೆ; ಐದಕ್ಕೆ ಐದು ಕೊಟ್ಟಿರಿ.

ನಮ್ಮ ತರಗತಿಯಲ್ಲೇ ಓದುವ ತನ್ನ ತಮ್ಮನನ್ನು ಕರೆದೊಯ್ಯಲು ಶಾಲೆಗೆ ಬರುವ ಮಕ್ಸಾತ್ ಅದನ್ನು ಓದಿದ್ದಾನೆ. ಶನಿವಾರ ಗೆಳೆಯರೊಂದಿಗೆ ಬಂದು ನನ್ನನ್ನು ಕಾರಿನೊಳಕ್ಕೆ ಎಳೆದುಹಾಕಿದ. ಅವನ ಕೈ ಕಚ್ಚಿದೆ. ಗುದ್ದಿ ನನ್ನ ಹಲ್ಲು ಉದುರಿಸಿದ. ಅವನ ಮನೆಯ ಹೆಂಗಸರು ನನ್ನನ್ನು ಅದುಮಿ ಹಿಡಿದು ತಲೆಗೆ ಮದುವೆಯ ಬಿಳಿ ವಸ್ತ್ರ ಬಿಗಿಯುವಾಗ ನಗುತ್ತಿದ್ದ: "ಮೊದ್ಲು ಅಳ್ತಾರೆ, ಆಮೇಲೆ ಒಗ್ಗಿಕೊಳ್ತಾರೆ ಅಂತ ನೀನೇ ಬರ್ದಿದ್ದೀಯಲ್ಲೇ! ಮೇಷ್ಟ್ರೂ ಒಪ್ಪಿದ್ದಾರೆ."

ನಾನು ಬಾಗಿಲಿಗೆ ಓಡಿದೆ. ಅವನ ಅಜ್ಜಿ ಹೊಸ್ತಿಲಿಗೆ ಅಡ್ಡ ಮಲಗಿಬಿಟ್ಟಳು. "ನನ್ನ ದಾಟಿ ಹೋದ್ರೆ ಶಾಪ ತಟ್ಟುತ್ತೆ ಕಣೇ, ಉದ್ಧಾರ ಆಗಲ್ಲ ನೀನು!"

ಕಥೆಯಲ್ಲೂ ಒಬ್ಬ ಅಜ್ಜಿ ಹೀಗೇ ಅಡ್ಡ ಮಲಗಿದ್ದಳು; ಆ ಹುಡುಗಿ ದಾಟಲಿಲ್ಲ. ಅದೇ ಪ್ರೀತಿಗೆ ಪುರಾವೆ ಎಂದು ಬರೆದಿದ್ದೆ.

ನಾನು ದಾಟಿದೆ, ಮೇಷ್ಟ್ರೇ. ಅಜ್ಜಿ ಕಾಲು ಹಿಡಿದುಕೊಂಡಳು. ಅವಳ ಮಣಿಕಟ್ಟು ತುಳಿದೆ. ಮೂಳೆ ಮುರಿದ ಸದ್ದು ಕೇಳಿದರೂ ಕಾಲು ತೆಗೆಯಲಿಲ್ಲ, ಅವಳು ಕೈ ಬಿಡುವವರೆಗೆ.

ಖಾಲಿಯಾದ ಜಾಗಕ್ಕೆ ಈ ಪತ್ರ ಅಂಟಿಸಿ. ಅಂಕ ಬೇಡ. ಮಕ್ಸಾತ್‌ನ ತಮ್ಮನಿಂದ ಗಟ್ಟಿಯಾಗಿ ಓದಿಸಿ.

ನಿಮ್ಮ ವಿದ್ಯಾರ್ಥಿನಿ,
ಪೆರಿಜಾತ್