ಗಿಟಾರ್ ತಂತಿಗೆ ಸೇರಿಸಿದ ವೈರು

ಏಪ್ರಿಲ್ ೧೮, ರಾತ್ರಿ ಎರಡೂ ಹತ್ತು. ಫ್ರಿಜ್ ಗುಂಯ್ ಎಂದ ಸದ್ದಿಗೆ ಎಚ್ಚರವಾಯಿತು. ಮಗು ಮಲಗಿದೆ. ಇವರ ಫೋನ್ ಹನ್ನೊಂದರಿಂದ ಸ್ವಿಚ್ ಆಫ್.

ಇವರು ಬೇಸ್ ಗಿಟಾರಿನೊಳಗೆ ದನಿ ಹೆಚ್ಚಿಸುವ ಪ್ರೀಆಂಪ್ ಕೂರಿಸಿದ ಮೇಲೆ, ತಂತಿಯ ಕಂಪನ ಹಿಡಿಯುವ ಪಿಕಪ್ ಎರಡು ಥರದ್ದು ತಂದು ನನ್ನ ಮುಂದಿಟ್ಟಿದ್ದರು. "ಎಲೆಕ್ಟ್ರಾನಿಕ್ಸ್ ಓದಿದೋಳು ನೀನು, ಯಾವ್ದು ಹಾಕಾಣ ಹೇಳು." ಒಂದು ಬ್ಯಾಟರಿಯಲ್ಲೇ ನಡೆಯುವುದು, ಗಿಟಾರ್ ತಂತಿಗಳಿಗೆ ಅರ್ತಿಂಗ್ ವೈರು ಸೇರಿಸಬೇಕಿಲ್ಲ. ಇನ್ನೊಂದಕ್ಕೆ ಸೇರಿಸಲೇಬೇಕು, ಆದರೆ ದನಿ ತುಂಬಿ ಬರುತ್ತದೆ. ನಾನು ದನಿ ನೋಡಿ ಆರಿಸಿದೆ. ವೈರು ಬೆಸೆದದ್ದೂ ನಾನೇ.

ರಾತ್ರಿ ಹತ್ತಕ್ಕೆ ಮತ್ತೋಡು ಊರಿನ ಆರ್ಕೆಸ್ಟ್ರಾ ಸ್ಟೇಜಿನಿಂದ ಫೋನ್ ಮಾಡಿ ನಗುತ್ತಿದ್ದರು. "ಸೌಂಡ್ ಸೆಟ್ಟಿನ ಬೋರಣ್ಣ ಹಳೇ ಜನರೇಟರ್ ತಂದವ್ನೆ ಕಣೇ. ಮೈಕಿಗೆ ತುಟಿ ತಾಗಿದ್ರೆ ಚುರ್ ಅಂತೈತೆ."

"ಮೈಕಿಗೂ ನಿಮ್ ಮುತ್ತು ಬ್ಯಾಡ್ವಂತೆ ಬಿಡ್ರಿ" ಎಂದು ನಾನೂ ನಕ್ಕೆ.

ಈಗ ಹೊಳೆಯಿತು. ಇವರು ಬಾರಿಸುತ್ತಲೇ ಹಾಡುವವರು: ಕೈ ಅರ್ತಿಂಗ್ ಆದ ತಂತಿಯ ಮೇಲೆ, ತುಟಿ ಮೈಕಿನ ಮೇಲೆ. ಮೈಕಿನ ಕರೆಂಟು ಇವರ ಎದೆ ಹಾಯ್ದು ಹೋಗಲು ದಾರಿ ಬೆಸೆದುಕೊಟ್ಟಿದ್ದೇನೆ.

ಬೋರಣ್ಣನೂ ಫೋನ್ ಎತ್ತುತ್ತಿಲ್ಲ. ಹಾಡು ಬೆಳಗಿನವರೆಗೂ ಇದೆಯಂತೆ. ರೀ, ಮೈಕಿನ ಹತ್ತಿರ ಹೋಗಬೇಡಿ. ಯಾರದಾದರೂ ಫೋನ್ ಇಸ್ಕೊಂಡು, ಬೆಳಗಾಗುವುದರೊಳಗೆ ಒಂದೇ ಒಂದು ಸಲ ಫೋನ್ ಮಾಡಿ, ಏನೂ ಮಾತಾಡದಿದ್ದರೂ ಸರಿ.