ಎರಡೂ ಪಂಪು ಓಡಿದ ಬೆಳಗ್ಗೆ

ನನ್ನ ಬೆನ್ನಿಗೆ ಬಿದ್ದ ತಮ್ಮನಿಗೆ,

ಚಿಕ್ಕಮ್ಮನ ಮನೆಗೆ ಹೋಗಿ ಕೂತು ನೀನು ಫೋನ್ ಎತ್ತುತ್ತಿಲ್ಲ. ಅವಳಿಗೆ ಮಾಡಿದರೆ, "ಉಣ್ತಾನೆ, ಮಲಗ್ತಾನೆ, ಗೋಡೆ ನೋಡ್ತಾನೆ. ಇನ್ನೇನೂ ನನ್ನ ಕೇಳ್ಬೇಡ ತಾಯಿ" ಎಂದು ಇಟ್ಟುಬಿಡುತ್ತಾಳೆ. ಅದಕ್ಕೇ ಈ ಪತ್ರ. ಸೋಮವಾರ ನಗರಸಭೆ ಸೇರುತ್ತದೆ. ಅಷ್ಟರೊಳಗೆ ನೀನು ಇದನ್ನು ಓದಬೇಕು.

ಗೊತ್ತಿದ್ದದ್ದನ್ನೂ ಸೇರಿಸಿಯೇ ಬರೆಯುತ್ತೇನೆ. ಗೋಡೆ ನೋಡುತ್ತ ಕೂತವನ ತಲೆಯಲ್ಲಿ ನಡೆದದ್ದು ಬೇರೆಯೇ ಆಕಾರ ತಾಳಿರುತ್ತದೆ.

ನಮ್ಮ ನೀರು ಮತ್ತು ಒಳಚರಂಡಿ ಮಂಡಳಿಯನ್ನು ಕಂಪನಿಯೊಂದಕ್ಕೆ ವಹಿಸುವ ಮಾತು ಎದ್ದಾಗ ಬೇರೆ ದಾರಿ ಹುಡುಕಿದವನು ನೀನು. ಬೇರೆ ಬೇರೆ ದೇಶಗಳ ಸಾರ್ವಜನಿಕ ನೀರು ಸಂಸ್ಥೆಗಳು ಕಟ್ಟಿಕೊಂಡ ಒಕ್ಕೂಟವಿದೆ, ಕೆಲಸ ಬಲ್ಲವರು ಬಂದು ಜೊತೆಗೆ ನಿಂತು ಕಲಿಸುತ್ತಾರೆ, ಲಾಭದ ಮಾತೇ ಇಲ್ಲ ಎಂಬ ಸುದ್ದಿಯನ್ನು ಕಾರ್ಮಿಕ ಸಂಘದ ಸಭೆಯಿಂದ ಹೊತ್ತು ತಂದೆ. ಸೇರಲು ಅರ್ಜಿ ಬರೆದವಳು ನಾನು. "ಅಕ್ಕನ ಪೆನ್ನು, ತಮ್ಮನ ಸ್ಪ್ಯಾನರ್, ಇನ್ನು ಮಂಡಳಿಗೆ ಬೇರೆಯವರು ಯಾಕೆ?" ಎಂದು ಕಚೇರಿಯಲ್ಲಿ ನಕ್ಕರು. ನಗಲಿ ಬಿಡು ಎಂದೆ ನಾನು.

ಸೇರಿಸಿಕೊಳ್ಳುವ ಮುಂಚೆ ನೋಡಿ ಹೋಗಲು ಒಕ್ಕೂಟದ ಮೂವರು ಬಂದರು. ಅವರಲ್ಲಿ ಎತ್ತರದ ಹೆಂಗಸು ತನ್ನ ಊರಿನ ಪಂಪ್ ಆಪರೇಟರ್. ಅವಳು ಕಾರಿನಿಂದ ಪೂರ್ತಿ ಇಳಿಯುವ ಮೊದಲೇ ನಿನ್ನ ಪಾಳಿಯ ಹುಡುಗರು ಅವಳಿಗೆ ಉದ್ದಕ್ಕ ಎಂದು ಹೆಸರಿಟ್ಟಾಗಿತ್ತು.

ಅವರು ಪಂಪ್‌ಹೌಸ್ ನೋಡಬೇಕಿದ್ದ ಬೆಳಗ್ಗೆ ಕಚೇರಿಯ ಮೆಟ್ಟಿಲ ಮೇಲೆ ನೀನು ಸಿಕ್ಕಿ, "ನೆಂಟರು ಬರೋ ದಿನ ಮನೆ ಗುಡಿಸಲ್ವೇನಕ್ಕ?" ಎಂದೆ. ಅಂಗಳ ಗುಡಿಸುವ ಮಾತೆಂದು ನಾನು ತಿಳಿದೆ. ನೀನು ಯೋಚಿಸಿದ್ದು ನಲ್ಲಿಗಳನ್ನು. ಪೈಪುಗಳು ಹಳೆಯವೆಂದು ನಮ್ಮಲ್ಲಿ ಓಡಿಸುವುದು ಒಂದೇ ಪಂಪು, ನೀರು ಬೀದಿ ಬೀದಿಗೆ ಸರದಿಯ ಮೇಲೆ. ಆ ಒಂದು ಬೆಳಗ್ಗೆ ಊರಿನ ಎಲ್ಲ ಬೀದಿಯಲ್ಲೂ ನೀರು ಬರುವುದನ್ನು ಅವರು ನೋಡಬೇಕು ಎಂಬ ಆಸೆ ನಿನಗೆ. ನೀನು ಎರಡೂ ಪಂಪು ಹಾಕಿಸಿದೆ. ಗೇಟಿನಲ್ಲಿ ಅವರ ಕಾರಿನ ಹಾರನ್ ಕೇಳಿದ್ದೇ ತಡ, ವಾಲ್ವನ್ನು ಸರಸರನೆ ತಿರುಗಿಸಿ ಪೂರ್ತಿ ತೆರೆದೆ.

ಅಪ್ಪ ಅದೇ ಪಂಪ್‌ಹೌಸಿನಲ್ಲಿ ನಮ್ಮಿಬ್ಬರಿಗೂ ಕಲಿಸಿದ ಮೊದಲ ಪಾಠ ಇದು: "ವಾಲ್ವ್ ಮುಚ್ಚಿಟ್ಟು ಪಂಪ್ ಹಾಕು, ಆಮೇಲೆ ನಿಧಾನಕ್ಕೆ ತೆಗಿ. ನೀರಿಗೆ ದಾರಿ ಬಿಡಬೇಕು ಕಣೋ, ನೂಕಬಾರದು." ಅಪ್ಪನ ಮಾತು ನನಗಿಂತ ನಿನಗೆ ಚೆನ್ನಾಗಿ ನೆನಪಿದೆ. ಹಾರನ್ ಅದನ್ನು ಮರೆಸಿತು.

ಆಸ್ಪತ್ರೆ ರಸ್ತೆಯ ಹಳೆಯ ಪೈಪು ಒಡೆದು ಡಾಂಬರು ಹಪ್ಪಳದಂತೆ ಎದ್ದಿತು. ಪಕ್ಕದ ಒಳಚರಂಡಿ ಕೊಳವೆಯೂ ಬಾಯಿ ಬಿಟ್ಟಿತು. ನಲ್ಲಿ ನೀರು ಕುಡಿಯಬೇಡಿ ಎಂದು ಆಟೋದಲ್ಲಿ ಮೈಕ್ ಕಟ್ಟಿಕೊಂಡು ಸಾರುವ ಹೊತ್ತಿಗೆ ಹೆರಿಗೆ ವಾರ್ಡಿನ ತೊಟ್ಟಿ ತಳ ಕಾಣುತ್ತಿತ್ತು. ನರ್ಸಮ್ಮ ಗೇಟಿಗೆ ಬಂದು, "ಒಳಗೆ ಹೆರಿಗೆ ಆಗ್ತಿದೆ, ನೀವಿಲ್ಲಿ ಕಾರಂಜಿ ತೋರಿಸ್ತಾ ಇದೀರಾ?" ಎಂದಳು. ನಾನು ಟ್ಯಾಂಕರಿಗೆ ಫೋನ್ ಮಾಡಿದೆ. ನೀನು ಆಗಲೇ ಗುಂಡಿಯಲ್ಲಿದ್ದೆ, ಎದೆಮಟ್ಟ ಕೆಸರಿನಲ್ಲಿ. ಹಿಂದೆಯೇ ಉದ್ದಕ್ಕ ಇಳಿದಳು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ನೀನು ಸೀಳಿನ ಮೇಲೆ ಕಬ್ಬಿಣದ ಪಟ್ಟಿ ಹಿಡಿದರೆ ಅವಳು ಬೋಲ್ಟ್ ಬಿಗಿದಳು, ಅವಳು ಕೈ ಚಾಚಿದರೆ ನೀನು ಸ್ಪ್ಯಾನರ್ ಕೊಟ್ಟೆ.

ನೀರು ನಿಂತ ಮೇಲೆ ನಗರಸಭೆ ಅಧ್ಯಕ್ಷರ ಕಾರು ಬಂತು. "ಎರಡೂ ಪಂಪು ಹಾಕ್ಸಿದ್ದು ಯಾರು?" ನಿನ್ನ ಹುಡುಗರು ಬಗ್ಗಿ ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬತೊಡಗಿದರು. ತಿರುಗಿ ನೋಡಿದರೆ ನೀನು ಗುಂಡಿಯ ಆಚೆ ಬದಿಯಿಂದ ಹತ್ತಿ ಹೋಗಿದ್ದೆ.

ಮುಂದಿನದು ನಿನಗೆ ಗೊತ್ತಿಲ್ಲ. ಅಧ್ಯಕ್ಷರು ಅತಿಥಿಗಳ ಕಡೆ ತಿರುಗಿ, "ನೋಡಿದ್ರಲ್ಲ, ನಮ್ಮವರ ಕೆಲಸ ಇಷ್ಟೇ" ಎಂದರು. ಉದ್ದಕ್ಕ ಕೈ ತೊಳೆದುಕೊಂಡು ದುಭಾಷಿಯ ಮೂಲಕ ಹೇಳಿದಳು: "ನಮ್ಮೂರಿಗೆ ಮಂತ್ರಿ ಬಂದಾಗ ನಾವೂ ಇದನ್ನೇ ಮಾಡಿದ್ವಿ. ಪೈಪ್ ಒಡೀತು, ವಿಷಯ ಮುಚ್ಚಿ ಹಾಕಿದ್ವಿ. ಮಾರನೇ ವರ್ಷ ಅಲ್ಲೇ ಮತ್ತೆ ಒಡೀತು. ಪೈಪ್ ಒಡೆದಿದ್ದಕ್ಕೆ ನಾವು ಬೆನ್ನು ತಿರುಗಿಸಲ್ಲ. ಯಾಕೆ ಒಡೀತು ಅಂತ ಕೆಲಸದವರೇ ಹೇಳ್ಬೇಕು. ಹೇಳದೇ ಇರೋ ಕಡೆ ನಾವು ಬಂದು ಏನು ಮಾಡೋದು?"

ಸೋಮವಾರ ಆ ಮೂವರ ಎದುರೇ ತೀರ್ಮಾನ. ಒಕ್ಕೂಟವೋ, ಕಂಪನಿಯೋ. ಕಂಪನಿಯವನು ಆಗಲೇ ಇಸ್ತ್ರಿ ಅಂಗಿ ತೊಟ್ಟು ಪ್ರೊಜೆಕ್ಟರ್ ಹಿಡಿದು ಬಂದು, ಒಡೆದ ಪೈಪಿನ ಚಿತ್ರ ತೋರಿಸಿ ಹೋಗಿದ್ದಾನೆ. ಇತ್ತ ನಿನ್ನ ಪಾಳಿಯವರೆಲ್ಲ ಒಂದೇ ಮಾತು ಹೇಳಲು ನಿರ್ಧರಿಸಿದ್ದಾರೆ: ಕರೆಂಟು ಏರಿಳಿತವಾಯಿತು. "ಅಣ್ಣನ ಹೆಸರು ಬರಬಾರದು ಮೇಡಂ, ಅಷ್ಟೇ ನಮಗೆ" ಎಂದ ನಿಮ್ಮ ಫಿಟ್ಟರ್. ಪ್ರೀತಿಯಿಂದ ಹೇಳುವ ಸುಳ್ಳು. ಆದರೆ ಆ ಪೈಪಿನ ಸೀಳಿಗೆ ಕೈ ಇಟ್ಟು ನೋಡಿದವಳು ಅಲ್ಲೇ ಕೂತಿರುತ್ತಾಳೆ. ಒಂದು ಕ್ಷಣವೂ ನಂಬಲಾರಳು. ಒಕ್ಕೂಟದವರು ಎದ್ದು ಹೋಗುತ್ತಾರೆ, ಕಂಪನಿ ಬರುತ್ತದೆ. ಬಂದವರು ಮೊದಲು ಮನೆಗೆ ಕಳಿಸುವುದು ನಿನ್ನನ್ನು ಉಳಿಸಲು ಸುಳ್ಳು ಹೇಳಿದವರನ್ನೇ.

ನಾನೇ ಎದ್ದು ಹೇಳಬಹುದು. ಆದರೆ ಕಚೇರಿಯವಳು ಹೇಳಿದರೆ ಅದು ದೂರು. ಅಧ್ಯಕ್ಷರಿಗೆ ಬೇಕಿರುವುದೂ ಅದೇ, ಒಂದು ತಲೆದಂಡ. ನೀನು ಹೇಳಿದರೆ ಅದು ಕೆಲಸದ ಮಾತು. ಏಕೆ ಹಾಗೆ ಮಾಡಿದೆ, ಏನು ತಪ್ಪಿತು, ಇನ್ನು ಹೇಗೆ ಮಾಡಬೇಕು ಎಂದು ವಾಲ್ವ್ ತಿರುಗಿಸಿದ ಕೈಯೇ ಹೇಳಬೇಕು. ನಿನ್ನ ಮೇಲೆ ಕ್ರಮ ಆಗಲಾರದು ಎಂದು ಧೈರ್ಯ ತುಂಬಲಾರೆ. ಆಗಬಹುದು. ನೀನು ಬಾರದಿದ್ದರೆ ಕರೆಂಟಿನ ಕಥೆಗೆ ನಾನು ತಲೆಯಾಡಿಸುವುದಿಲ್ಲ, ಅದನ್ನೂ ಈಗಲೇ ಹೇಳಿಬಿಡುತ್ತೇನೆ. ಆ ಮಾತು ನನ್ನ ಬಾಯಿಂದ ಬರುವಂತೆ ಮಾಡಬೇಡ.

ಇನ್ನೆರಡು ಸುದ್ದಿ. ಟ್ಯಾಂಕರ್ ಸಮಯಕ್ಕೆ ತಲುಪಿತು, ತಾಯಿ ಮಗು ಕ್ಷೇಮ. "ನಿಮ್ಮ ಕಾರಂಜಿ ನಿಂತ ಮೇಲೆ ಹುಟ್ಟಿತು, ಬುದ್ಧಿವಂತ ಕೂಸು" ಎಂದು ನರ್ಸಮ್ಮ ಫೋನ್ ಮಾಡಿ ಚುಚ್ಚಿದಳು. ಉದ್ದಕ್ಕ ದಿನಾ ಒಂದೇ ಪ್ರಶ್ನೆ ಕೇಳುತ್ತಾಳೆ: "ಗುಂಡಿಯಲ್ಲಿದ್ದವರು ಎಲ್ಲಿ?" ಎರಡೂ ಪಂಪು ಹಾಕಿಸಿದವನು ನೀನೇ ಎಂದು ಅವಳಿಗೆ ಯಾರೂ ಹೇಳಿಲ್ಲ. ಅವಳಿಗೆ ಗೊತ್ತಿಲ್ಲ ಎಂದೂ ನನಗೆ ಅನ್ನಿಸುವುದಿಲ್ಲ.

ಸೋಮವಾರ ಬೆಳಗಿನ ಪಾಳಿ ನಿನ್ನದೇ. ಬೇರೆಯವರನ್ನು ಹಾಕೋಣವೆಂದರೆ ಯಾರೂ ಒಪ್ಪಲಿಲ್ಲ. ಮೊದಲು ಬಂದು ಪಂಪು ಹಾಕು, ಒಂದೇ. ವಾಲ್ವ್ ಮುಚ್ಚಿರಲಿ, ಅಪ್ಪ ಹೇಳಿದಷ್ಟು ನಿಧಾನಕ್ಕೆ ತೆಗಿ. ನೀರು ಹರಿದ ಸದ್ದು ಸರಿಯಾದ ಮೇಲೆ ಕೈ ಒರೆಸಿಕೊಂಡು ಹೊರಗೆ ಬಾ. ಸಭೆಗೆ ಇಬ್ಬರೂ ನಡೆದೇ ಹೋಗೋಣ.

ನಿನ್ನ ಕೈಯೂ ಮಾತೂ ನಡುಗದಿರಲಿ.

ಪಂಪ್‌ಹೌಸ್ ಬಾಗಿಲಲ್ಲಿ ನಿಂತಿರುತ್ತೇನೆ,
ನಿನ್ನ ಅಕ್ಕ