ಗ್ರೂಪಿಗೆ ಹೋದ ನಿನ್ನ ಸಿನಿಮಾ

ಮೇದಿನಿ ಪುಟ್ಟಿ,

ನೀನು ಫೋನ್ ಬಿಟ್ಟು ಜಿಮ್ಮಿಗೆ ಹೋಗಿದ್ದೀಯ. ನಿನ್ನಪ್ಪ ಲ್ಯಾನ್‌ಹ್ಯಾಮ್ ಊರಿನ ದೇವಸ್ಥಾನಕ್ಕೆ ನನ್ನನ್ನು ಕರೆದೊಯ್ಯಲು ಕಾರಿನಲ್ಲಿ ಕೂತು ಹಾರ್ನ್ ಹೊಡೆಯುತ್ತಿದ್ದಾನೆ.

ನನ್ನಿಂದ ತಪ್ಪಾಗಿದೆ. ನೀನು ಮಾಡಿದ ಸಣ್ಣ ಸಿನಿಮಾದಲ್ಲಿ ನಾನು ಒಬ್ಬಟ್ಟು ತಟ್ಟುವುದು ಚೆನ್ನಾಗಿ ಬಂದಿದೆ ಎಂದು ಬೆಳಿಗ್ಗೆ ಮನೆಯವರ ವಾಟ್ಸಾಪ್ ಗ್ರೂಪಿಗೆ ಕಳಿಸಿಬಿಟ್ಟೆ. ಕೊನೆಯವರೆಗೆ ನೋಡಿದ್ದು ಆಮೇಲೆ. ಅದರಲ್ಲಿ ನೀನು ನಿನ್ನ ಫ್ರೆಂಡ್ ನಿದಾಳ ಕೈ ಹಿಡಿದು, "ಅಪ್ಪಾ, ಇವಳು ಬರೀ ಫ್ರೆಂಡ್ ಅಲ್ಲ, ನನ್ನ ಗರ್ಲ್‌ಫ್ರೆಂಡ್" ಅಂತೀಯ. ಅದು ನಟನೆಯಲ್ಲ ಎಂದು ನನಗೆ ಗೊತ್ತಾಯಿತು. ಅಳಿಸಲು ಬರಲಿಲ್ಲ. ಬೆಂಗಳೂರಿನ ನಿನ್ನತ್ತೆ ಆಗಲೇ ನೋಡಿದ್ದಾಳೆ. ನಿನ್ನಪ್ಪ ಇನ್ನೂ ನೋಡಿಲ್ಲ.

ನನ್ನ ತಂಗಿ ಸಾವಂತ್ರಿ ಹೀಗೇ ಒಬ್ಬ ಹುಡುಗಿಯ ಹೆಸರು ಹೇಳಿದ ಹದಿನೈದೇ ದಿನಕ್ಕೆ ಮನೆಯವರು ಅವಳನ್ನು ಯಾರಿಗೋ ಕೊಟ್ಟು ಮದುವೆ ಮುಗಿಸಿದರು. ಅವಳಿಗೆ ಮೊಗ್ಗಿನ ಜಡೆ ಹೆಣೆದವಳು ನಾನೇ. ಬಾಯಿ ಬಿಡಲಿಲ್ಲ.

ಚಿತ್ರಾನ್ನ ಡಬ್ಬಿಯಲ್ಲಿದೆ, ತಿನ್ನು. ಆಮೇಲೆ ನಿದಾಳ ಮನೆಗೆ ಹೋಗಿರು. ನಾನು ಫೋನ್ ಮಾಡುವವರೆಗೆ ಬರಬೇಡ.

ಕಾರಿನಲ್ಲಿ ನಾನೇ ನಿನ್ನಪ್ಪನಿಗೆ ಹೇಳುತ್ತೇನೆ. ಸ್ಟೀರಿಂಗ್ ಹಿಡಿದಿರುವಾಗ ಅವನಿಗೆ ಎದ್ದು ಹೋಗಲು ಆಗುವುದಿಲ್ಲ. ನನಗೂ ಆಗುವುದಿಲ್ಲ.

ನಿನ್ನ ಅಜ್ಜಿ